ಮೂವತ್ತು ದಿನಗಳ ಲೆಕ್ಕ

ಹೋದ ವರ್ಷ ಶಿಕ್ಷಕರ ದಿನಾಚರಣೆಯ ಮಧ್ಯಾಹ್ನ ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ‘ಮೇರಿ ಕೋಮ್’ ಸಿನಿಮಾ ತೋರಿಸೋಣ ಎಂದು ಹೇಳಿದವಳು ನಾನೇ. ಅದು ಬಿಡುಗಡೆಯಾದದ್ದೂ 2014ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ. ನಾನಾಗ ಅದನ್ನು ಥಿಯೇಟರಿನಲ್ಲಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಿದ್ದೆ. ನಾನು ಅತ್ತ ಸಿನಿಮಾ ನನ್ನ ಹುಡುಗಿಯರಿಗೂ ಒಳ್ಳೆಯದನ್ನೇ ಮಾಡುತ್ತದೆ ಎಂಬ ನಂಬಿಕೆ. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದೆವು. ಹಿಂದಿ ಮಾತು ಬಂದಾಗಲೆಲ್ಲ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ. ಸಿನಿಮಾ ಮುಗಿದಾಗ ಹುಡುಗಿಯರು ಹೊಡೆದ ಚಪ್ಪಾಳೆಗೆ ಪಕ್ಕದ ಕೋಣೆಯಿಂದ ಮುಖ್ಯೋಪಾಧ್ಯಾಯರು ಎದ್ದು ಬಂದರು.

ಮಾರನೆಯ ವಾರವೇ ಆರು ಹುಡುಗಿಯರು ಜಿಲ್ಲಾ ಕ್ರೀಡಾಂಗಣದ ಬಾಕ್ಸಿಂಗ್ ತರಗತಿಗೆ ಹೆಸರು ಕೊಟ್ಟರು. ನನಗೆ ಹೆಮ್ಮೆಯೋ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ಹೇಳಿಕೊಂಡೆ.

ಮೂರು ವಾರ ಕಳೆಯುವುದರೊಳಗೆ ಐವರು ಬಿಟ್ಟರು. ಆರನೆಯವಳು ಹತ್ತನೆಯ ತರಗತಿಯ ಹುಡುಗಿ. ಮನೆಯಲ್ಲಿ ಹೊಲಿಗೆ ಮಾಡುವ ತಾಯಿ, ಇಬ್ಬರು ತಮ್ಮಂದಿರು. ಒಂದು ಸಂಜೆ ನನ್ನ ಮೇಜಿನ ಮುಂದೆ ಬಂದು ತಲೆ ತಗ್ಗಿಸಿ ನಿಂತಳು. “ಟೀಚರ್, ನಾನೂ ಬಿಡ್ತೀನಿ” ಎಂದಳು. ಆ ದಿನ ಮೌಲ್ಯಮಾಪನದ ಕಟ್ಟು ನನ್ನ ಮುಂದಿತ್ತು, ತಲೆನೋವೂ ಇತ್ತು. “ನಿಂಗೆ ಛಲ ಇಲ್ಲ ಕಣೇ. ಮೇರಿ ಕೋಮ್ ಹೀಗೆ ಬಿಟ್ಟಿದ್ರೆ ಏನಾಗ್ತಿತ್ತು?” ಎಂದುಬಿಟ್ಟೆ.

ಅವಳು ಅಳಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ನನ್ನ ಮುಂದಿಟ್ಟಳು. ಸ್ಕೇಲು ಹಿಡಿದು ಗೆರೆ ಎಳೆದ ಮೂವತ್ತು ಮನೆಗಳು. ಹದಿನೆಂಟರಲ್ಲಿ ಗುರುತು ಬಿದ್ದಿತ್ತು. “ಮೂವತ್ತು ದಿನ ಅಂತಾರಲ್ಲ ಟೀಚರ್ ಅದ್ರಲ್ಲಿ. ಹದಿನೆಂಟು ಆಯ್ತು. ಮೊದಲನೇ ದಿನಕ್ಕಿಂತ ಈಗಲೇ ಜಾಸ್ತಿ ಸುಸ್ತು. ಅವರಿಗೆ ಸುಸ್ತೇ ಆಗಲ್ಲ” ಎಂದಳು.

ಆ ಹಾಳೆ ನೋಡಿದ ಮೇಲೆ ನನಗೆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. ಭಾನುವಾರ ಮಗನ ಕಂಪ್ಯೂಟರಿನಲ್ಲಿ ಮತ್ತೆ ಆ ಸಿನಿಮಾ ಹಾಕಿಕೊಂಡು, ಈ ಸಲ ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಸಿನಿಮಾದ ಕಥೆ ಹೆಚ್ಚಿನವರಿಗೆ ಗೊತ್ತಿದೆ. ಮಣಿಪುರದ ಬಡ ರೈತನ ಮಗಳು. ವಿಮಾನ ಅಪಘಾತದ ಅವಶೇಷದಲ್ಲಿ ಅವಳಿಗೆ ಒಂದು ಬಾಕ್ಸಿಂಗ್ ಗ್ಲೌಸ್ ಸಿಗುತ್ತದೆ. ದೊಡ್ಡವಳಾದ ಮೇಲೆ ಯಾರನ್ನೋ ಅಟ್ಟಿಸಿಕೊಂಡು ಹೋಗಿ ನರ್ಜಿತ್ ಸಿಂಗ್ ಎಂಬ ಗುರುವಿನ ವ್ಯಾಯಾಮಶಾಲೆ ಸೇರುತ್ತಾಳೆ. ಮೂವತ್ತು ದಿನ ಬಾ, ಯೋಗ್ಯತೆ ಇದ್ದರೆ ಕಲಿಸುತ್ತೇನೆ ಎಂದು ಆತ ಹೇಳುತ್ತಾನೆ. ಅಪ್ಪನ ವಿರೋಧ, ಗೆಲುವು, ಮದುವೆ, ಅವಳಿ ಮಕ್ಕಳು, ಕ್ರೀಡಾ ಅಧಿಕಾರಿಯಿಂದ ಅವಮಾನ, ಮತ್ತೆ ಅಖಾಡ, ಚೀನಾದ ನಿಂಗ್ಬೋದಲ್ಲಿ ವಿಶ್ವ ಚಾಂಪಿಯನ್ ಪಟ್ಟ. ನಿರ್ದೇಶಕ ಓಮಂಗ್ ಕುಮಾರ್ ಅವರಿಗೆ ಇದು ಮೊದಲ ಚಿತ್ರ. ಪ್ರಿಯಾಂಕಾ ಚೋಪ್ರಾ ಮೈ ಹುರಿಗಟ್ಟಿಸಿಕೊಂಡು ಶ್ರದ್ಧೆಯಿಂದ ನಟಿಸಿದ್ದಾರೆ. ಮಣಿಪುರದ ಹೆಣ್ಣಿನ ಪಾತ್ರಕ್ಕೆ ಅಲ್ಲಿಯವಳೇ ಸಿಗಲಿಲ್ಲವೇ ಎಂಬ ಆಕ್ಷೇಪ ಆಗಲೇ ಬಂದಿತ್ತು, ಅದು ನ್ಯಾಯವಾದ ಆಕ್ಷೇಪವೇ. ಆದರೆ ನನ್ನ ದೂರು ಬೇರೆ.

ನನ್ನ ದೂರು ಆ ಮೂವತ್ತು ದಿನಗಳ ಬಗ್ಗೆ. ಕಲಿಯುವವಳ ಪಾಲಿಗೆ ಕಥೆಯ ಅತಿ ಮುಖ್ಯ ಭಾಗ ಅದೇ. ದಿನವೂ ಬರಬೇಕು, ಯಾರೂ ಮಾತನಾಡಿಸುವುದಿಲ್ಲ, ಹೊಗಳುವುದಿಲ್ಲ, ನಾಳೆ ಏನಾಗುತ್ತದೆಂದು ಗೊತ್ತಿಲ್ಲ. ಅಂಥ ದಿನಗಳನ್ನು ಹುಡುಗಿಯೊಬ್ಬಳು ಹೇಗೆ ದಾಟಿದಳು? ಎರಡು ಗಂಟೆಯ ಸಿನಿಮಾ ಇದಕ್ಕೆ ಕೊಟ್ಟದ್ದು ಕೆಲವೇ ನಿಮಿಷ. ಆಮೇಲಿನ ವರ್ಷಗಟ್ಟಲೆಯ ತಾಲೀಮು ಹಾಡಾಗಿ ಹರಿದುಹೋಗುತ್ತದೆ. ಬೆಟ್ಟ, ಬೆವರು, ಡೋಲಿನ ಸದ್ದು, ಒಂದು ಚರಣದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ತೋಳು ಗಟ್ಟಿ. ಹಾಡು ಚೆನ್ನಾಗಿಯೇ ಇದೆ. ಆದರೆ ಹಾಡಿನಲ್ಲಿ ಮಂಗಳವಾರ ಎಂಬುದೇ ಇರುವುದಿಲ್ಲ. ಸೋಮವಾರದ ಉತ್ಸಾಹ ಇಳಿದು, ಕಾಲು ಹಿಡಿದುಕೊಂಡು, ಮಳೆ ಬರುತ್ತಿದ್ದು, ಹೋಗಬೇಕೋ ಬೇಡವೋ ಎಂದು ಹಾಸಿಗೆಯಲ್ಲೇ ಲೆಕ್ಕ ಹಾಕುವ ಆ ಮಂಗಳವಾರ.

ಎರಡನೆಯದಾಗಿ, ಸಿನಿಮಾದ ಮೇರಿಗೆ ಬಲ ಬರುವುದು ಸಿಟ್ಟಿನಿಂದ. ಅಪ್ಪ ಬೇಡವೆಂದಾಗ, ಅಧಿಕಾರಿ ಹೀಯಾಳಿಸಿದಾಗ ಮುಷ್ಟಿ ಬಿಗಿಯಾಗುತ್ತದೆ. ಕೊನೆಯ ಪಂದ್ಯದಲ್ಲಿ ಕೆಳಗೆ ಬಿದ್ದವಳು ಗಂಡ ಮಕ್ಕಳನ್ನು ಕಣ್ಮುಂದೆ ತಂದುಕೊಂಡು ಎದ್ದು ಗೆಲ್ಲುತ್ತಾಳೆ. ಅದೇ ಹೊತ್ತಿಗೆ ಊರಿನಲ್ಲಿ ಮಗನಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿರುತ್ತದೆ. ನಾನು ಮೊದಲ ಸಲ ಅತ್ತದ್ದು ಅಲ್ಲಿಯೇ. ಆಮೇಲೆ ಓದಿ ತಿಳಿದರೆ, ಆ ಶಸ್ತ್ರಚಿಕಿತ್ಸೆ ನಡೆದದ್ದು 2011ರಲ್ಲಿ, ನಿಂಗ್ಬೋ ಗೆಲುವು 2008ರದ್ದು. ಕಣ್ಣೀರಿಗಾಗಿ ಎರಡನ್ನೂ ಒಂದೇ ದಿನಕ್ಕೆ ತಂದು ಕೂಡಿಸಿದ್ದಾರೆ. ಸಿನಿಮಾದವರಿಗೆ ಅಷ್ಟು ಸ್ವಾತಂತ್ರ್ಯ ಇರಲಿ ಎನ್ನೋಣ. ಆದರೆ ಇದರಿಂದ ನನ್ನ ಹುಡುಗಿಯರು ಕಲಿತ ಪಾಠ ಯಾವುದು? ಮನಸ್ಸಿನಲ್ಲಿ ಬೆಂಕಿ ಇದ್ದರೆ ಮೈಗೆ ದಣಿವಿಲ್ಲ ಎಂಬುದು. ಹಾಗಾದರೆ ದಣಿದವಳ ಮನಸ್ಸಿನಲ್ಲಿ ಬೆಂಕಿ ಇಲ್ಲ ಎಂದಾಯಿತು. ಐವರೂ ತಮ್ಮನ್ನು ತಾವು ಹಾಗೇ ಅಳೆದುಕೊಂಡು ಮನೆಗೆ ಹೋದರು. ಆರನೆಯವಳಿಗೆ ಅದೇ ಮಾತನ್ನು ನಾನು ಬಾಯಿಬಿಟ್ಟು ಹೇಳಿದೆ.

ನಿಜವಾದ ಮೇರಿ ಕೋಮ್ ಅವರ ಜೀವನ ಈ ವಿಷಯದಲ್ಲಿ ಸಿನಿಮಾಕ್ಕಿಂತ ಹೆಚ್ಚು ಕಲಿಸುತ್ತದೆ. 2013ರಲ್ಲಿ ‘ಅನ್‌ಬ್ರೇಕಬಲ್’ ಎಂಬ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಬಂದಿದೆ. ಚುರಾಚಾಂದ್‌ಪುರ ಜಿಲ್ಲೆಯ ಕಂಗಾಥೇಯಿ ಅವರ ಊರು. ತಂದೆ ತಾಯಿ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದವರು. ಹಿರಿಯ ಮಗಳಾಗಿ ಆಕೆಯೂ ಹೊಲಗದ್ದೆಯ ಕೆಲಸ, ಮನೆಗೆಲಸ, ತಮ್ಮ ತಂಗಿಯರ ಆರೈಕೆ ಎಲ್ಲ ಮಾಡಿದವರು. ಮೊದಲು ಹಿಡಿದ ಆಟ ಬಾಕ್ಸಿಂಗ್ ಅಲ್ಲ. 400 ಮೀಟರ್ ಓಟ, ಜಾವೆಲಿನ್ ಎಸೆತ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದವರೇ ಆದ ಡಿಂಕೋ ಸಿಂಗ್ ಬಾಕ್ಸಿಂಗ್ ಚಿನ್ನ ಗೆದ್ದು ಬಂದಾಗ ಅಲ್ಲಿಯ ಮಕ್ಕಳಲ್ಲಿ ಎದ್ದ ಹುರುಪಿನಲ್ಲಿ ಇವರೂ ಆ ಕಡೆ ತಿರುಗಿದರು. 2000ದಲ್ಲಿ ಕಲಿಕೆ ಆರಂಭ, ಅದೇ ವರ್ಷ ರಾಜ್ಯ ಮಟ್ಟದ ಗೆಲುವು. ಪತ್ರಿಕೆಯಲ್ಲಿ ಫೋಟೋ ನೋಡಿಯೇ ತಂದೆಗೆ ವಿಷಯ ತಿಳಿದದ್ದು. 2001ರಲ್ಲಿ ಅಮೆರಿಕದ ಸ್ಕ್ರಾಂಟನ್‌ನಲ್ಲಿ ನಡೆದ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2002ರಲ್ಲಿ ಟರ್ಕಿಯ ಅಂಟಾಲ್ಯಾದಲ್ಲಿ ಚಿನ್ನ.

ಎರಡೇ ವರ್ಷದಲ್ಲಿ ಇಷ್ಟೆಲ್ಲವೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದೆ. ಆಮೇಲೆ ಹೊಳೆಯಿತು. 2000ದಲ್ಲಿ ಆರಂಭವಾದದ್ದು ಬಾಕ್ಸಿಂಗ್ ಮಾತ್ರ. ಮೈ ಕಟ್ಟುವ ಕೆಲಸ ಅದಕ್ಕೂ ಎಷ್ಟೋ ವರ್ಷ ಹಿಂದೆ, ಗದ್ದೆಯ ಕೆಸರಿನಲ್ಲಿ, ಓಟದ ಮೈದಾನದಲ್ಲಿ, ಯಾರೂ ಲೆಕ್ಕ ಇಡದೆ ನಡೆದಿತ್ತು. ಸಿನಿಮಾ ಆರಂಭದ ಗುರುತಾಗಿ ಒಂದು ಗ್ಲೌಸ್ ತೋರಿಸುತ್ತದೆ. ಗ್ಲೌಸ್ ಸಿಕ್ಕಿದ್ದು ಅದೃಷ್ಟ, ದಮ್ಮು ಸಿಕ್ಕಿದ್ದು ದುಡಿಮೆಯಿಂದ. ಆ ಓಟದ ವರ್ಷಗಳಿಗೆ ಚಿತ್ರದಲ್ಲಿ ತೂಕವೇ ಇಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಮೇಷ್ಟರ ಜಾತಿಗೆ ದ್ರೋಹವಾದೀತು. ಸಿನಿಮಾದಲ್ಲಿ ಗುರು ಎಂದರೆ ನರ್ಜಿತ್ ಸಿಂಗ್. ನಿಜದಲ್ಲಿ ಅವರು ಕಲಿಸಿದ್ದು ಹೌದು. ಆದರೆ ಇಂಫಾಲದಲ್ಲಿ ಆ ಹುಡುಗಿಗೆ ಮೊದಲ ಪಾಠ ಹೇಳಿದವರು ಕೆ. ಕೊಸಾನಾ ಮೈತೇಯಿ. ಕಾಲು ಹೇಗಿಡಬೇಕು, ಕೈ ಎಲ್ಲಿರಬೇಕು ಎಂದು ತಿದ್ದಿ ತೀಡಿದ ಮೊದಲ ಗುರು ಕಥೆಯಿಂದಲೇ ಮಾಯ. ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದವರ ಹೆಸರು ಯಾವ ಸನ್ಮಾನ ಪತ್ರದಲ್ಲಿ ಬರುತ್ತದೆ ಹೇಳಿ?

ಇಷ್ಟು ತಿಳಿದ ಮೇಲೂ ನನಗೆ ಬಾಕ್ಸಿಂಗ್ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಹುಡುಗಿಗೆ ಛಲವಿಲ್ಲ ಎಂದು ತೀರ್ಪು ಕೊಟ್ಟಿದ್ದೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವಳನ್ನೂ ಕರೆದುಕೊಂಡು ಕ್ರೀಡಾಂಗಣಕ್ಕೆ ಹೋದೆ. ಅಲ್ಲಿಯ ತರಬೇತುದಾರರು ಸೈನ್ಯದಿಂದ ನಿವೃತ್ತರಾದವರು, ಮಿತಭಾಷಿ. ನನ್ನ ಪ್ರಶ್ನೆ ಕೇಳಿ, “ಮೇಡಂ, ಎರಡು ನಿಮಿಷ ಕೈ ಮುಖದ ಹತ್ತಿರ ಎತ್ತಿ ಹಿಡಿದು, ಗಾಳಿಯಲ್ಲಿ ಗುದ್ದುತ್ತಾ ಇರಿ. ಆಮೇಲೆ ಮಾತಾಡೋಣ” ಎಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ನಲವತ್ತು ಸೆಕೆಂಡಿಗೆ ಭುಜ ಉರಿಯತೊಡಗಿತು. ಒಂದು ನಿಮಿಷಕ್ಕೆ ಕೈ ತಾನಾಗಿಯೇ ಇಳಿಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಛಲದ ಮೇಲೆ ಉಪನ್ಯಾಸ ಕೊಟ್ಟಿದ್ದ ನನಗೆ ಛಲ ಅರವತ್ತು ಸೆಕೆಂಡಿಗೇ ತೀರಿತ್ತು.

“ನೀವು ಉಸಿರು ಹಿಡಿದುಕೊಂಡಿದ್ರಿ” ಎಂದರು ಅವರು. ಹೊಸಬರ ಮೊದಲ ತಪ್ಪು ಇದೇ ಅಂತೆ. ಗುದ್ದುವಾಗ ಹಲ್ಲು ಕಚ್ಚಿ ಉಸಿರು ಕಟ್ಟುತ್ತಾರೆ, ಭುಜ ಬಿಗಿ ಮಾಡುತ್ತಾರೆ. ಶಕ್ತಿಯೆಲ್ಲ ಆ ಬಿಗಿತಕ್ಕೇ ಖರ್ಚು. ಪ್ರತಿ ಗುದ್ದಿಗೂ ಹುಸ್ ಎಂದು ಉಸಿರು ಬಿಡುವುದೇ ಮೊದಲ ಪಾಠ. ನಮ್ಮ ಭಾಷೆಯಲ್ಲಿ ದಮ್ಮು ಎಂದರೆ ಉಸಿರೂ ಹೌದು, ಕಸುವೂ ಹೌದು. ಹಿರಿಯರು ಎರಡಕ್ಕೂ ಒಂದೇ ಮಾತು ಇಟ್ಟದ್ದು ಸುಮ್ಮನೆ ಅಲ್ಲ ಎಂದುಕೊಂಡೆ.

ಆಮೇಲೆ ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಬಂದೆ. ಇವಳ ವಯಸ್ಸಿನವರಿಗೆ ಒಂದು ಸುತ್ತು ಎರಡು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ, ಒಟ್ಟು ಮೂರು ಸುತ್ತು. ಕೇಳಲು ಎಷ್ಟು ಸಣ್ಣದು! ಆದರೆ ಆ ಆರು ನಿಮಿಷಕ್ಕೆ ತಯಾರಿ ತಿಂಗಳುಗಟ್ಟಲೆ. ಮೊದಲ ಕೆಲವು ವಾರ ವಾರಕ್ಕೆ ಮೂರೋ ನಾಲ್ಕೋ ದಿನ ನಿಧಾನದ ಓಟ. ಪಕ್ಕದವಳ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ. ಮಾತು ಕಡಿದರೆ ನಡಿಗೆಗೆ ಇಳಿಯಬೇಕು. ಎದೆ ಅದಕ್ಕೆ ಹೊಂದಿಕೊಂಡ ಮೇಲೆ ಹಗ್ಗ ಹಿಡಿದು ಜಿಗಿಯುವುದು, ಎರಡು ನಿಮಿಷ ಜಿಗಿತ, ಒಂದು ನಿಮಿಷ ಬಿಡುವು. ಒಂದು ಸುತ್ತು ಸಲೀಸಾದ ಮೇಲೆ ಎರಡು. ಆಮೇಲೆ ಬ್ಯಾಗಿಗೆ ಗುದ್ದುವುದು. ಎದುರಾಳಿಯ ಜೊತೆ ಸೆಣಸುವುದು ಎಷ್ಟೋ ತಡವಾಗಿ, ಅದೂ ತಲೆಗೆ ರಕ್ಷಾಕವಚ, ಹಲ್ಲಿಗೆ ಗಾರ್ಡ್ ಹಾಕಿ, ತರಬೇತುದಾರರು ಎದುರಿಗಿದ್ದಾಗ ಮಾತ್ರ. ವಾರದಲ್ಲಿ ಒಂದೆರಡು ದಿನ ವಿಶ್ರಾಂತಿ ಕಡ್ಡಾಯ. ಮೈ ಗಟ್ಟಿಯಾಗುವುದು ದುಡಿದ ದಿನವಲ್ಲ, ದುಡಿದ ಮೇಲೆ ಮಲಗಿದ ರಾತ್ರಿ. ನನ್ನ ಹುಡುಗಿಯರು ಮಾಡಿದ್ದೇನು? ಹಾಡಿನಲ್ಲಿ ಕಂಡಂತೆ ಮೊದಲ ದಿನವೇ ಬಾಣದಂತೆ ಓಡಿದ್ದರು. ಒಂದು ದಿನವೂ ಬಿಡುವು ಕೊಡದೆ ಹದಿನೆಂಟು ದಿನ. ಮೊದಲನೆಯ ದಿನಕ್ಕಿಂತ ಹದಿನೆಂಟನೆಯ ದಿನ ಸುಸ್ತು ಹೆಚ್ಚಾದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಹಳೆಯ ಗರಡಿಯ ಪೈಲ್ವಾನರಿಗೆ ಇದು ಗೊತ್ತಿತ್ತು. ಹೊಸದಾಗಿ ಬಂದವನನ್ನು ಅವರು ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿ ಅಗೆಯಲು, ದಂಡ ಬಸ್ಕಿ ಹೊಡೆಯಲು ಹಚ್ಚುತ್ತಿದ್ದರು. ನಾವು ಹಿಂದೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದದ್ದೂ, ಕಾಪಿ ಬರೆಸುತ್ತಿದ್ದದ್ದೂ ಇದೇ ಲೆಕ್ಕ. ಬೇಸರ ಬರುವ ಕೆಲಸವನ್ನು ಬೇಸರದ ಜೊತೆಗೇ ಮಾಡಿಸುವುದು. ಉತ್ಸಾಹ ಮೊದಲು ಬಂದು ಅಭ್ಯಾಸ ಆಮೇಲೆ ಹುಟ್ಟುತ್ತದೆಂದು ನಾವು ತಿಳಿದಿದ್ದೇವೆ. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಬಹುಪಾಲು ಅದು ತಲೆಕೆಳಗು. ಅಭ್ಯಾಸ ಬೇರೂರಿದ ಮೇಲೆ, ನಿನ್ನೆ ಆಗದ್ದು ಇಂದು ಆಯಿತು ಎಂದು ಕಂಡ ಮೇಲೆ, ಉತ್ಸಾಹ ತಾನಾಗಿ ಬರುತ್ತದೆ. ಮೊದಲೇ ಬಂದ ಉತ್ಸಾಹಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ, ಆರಂಭಶೂರತನ.

ಸಿನಿಮಾ ಮುಟ್ಟದ ಮತ್ತೊಂದು ಸಂಗತಿ ಅಡಿಗೆಮನೆಯದು. ತರಬೇತುದಾರರು ಹುಡುಗಿಯ ಕಣ್ಣಿನ ಕೆಳರೆಪ್ಪೆ ನೋಡಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದರು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ರಕ್ತದಲ್ಲಿ ಅದು ಕಡಿಮೆಯಾದರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದು. ಎಷ್ಟು ಛಲವಿದ್ದರೂ ಉಸಿರು ಹತ್ತುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಅಂದರೆ ನಮ್ಮ ತರಗತಿಯ ಅರ್ಧ ಬೆಂಚುಗಳು. ಶಾಲೆಯಲ್ಲಿ ವಾರಕ್ಕೊಮ್ಮೆ ನಾವೇ ಹಂಚುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಅವಳು ಕೈತೋಟದಲ್ಲಿ ಎಸೆಯುತ್ತಿದ್ದಳಂತೆ. ಮಾತ್ರೆ ಹಂಚಿ ರಿಜಿಸ್ಟರಿನಲ್ಲಿ ಟಿಕ್ ಹಾಕಿದ ಕೈ ನನ್ನದೇ.

ಅವರ ಮನೆಗೂ ಹೋಗಿಬಂದೆ. ಬೆಳಿಗ್ಗೆ ಐದಕ್ಕೆ ನಲ್ಲಿ ನೀರು ಹಿಡಿಯುವುದು, ತಮ್ಮಂದಿರ ಡಬ್ಬಿ, ಕಸ ಮುಸುರೆ, ಎಲ್ಲ ಮುಗಿಸಿ ಅವಳು ಓಟಕ್ಕೆ ಹೋಗುತ್ತಿದ್ದದ್ದು ಒಂದು ಲೋಟ ಟೀ ಕುಡಿದು. “ನಮ್ ಕಾಲದಲ್ಲಿ ನಾವೂ ಹಿಂಗೇ ದುಡಿದ್ವಲ್ಲ ಟೀಚರಮ್ಮ” ಎಂದರು ತಾಯಿ. ಹೌದು, ದುಡಿದೆವು. ಮಧ್ಯಾಹ್ನವಾದರೆ ಕಣ್ಣು ಕತ್ತಲೆ ಬರುತ್ತಿದ್ದದ್ದನ್ನು ಯಾರಿಗೂ ಹೇಳಲಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿರಿಯ ತಮ್ಮ ನೀರು ಹಿಡಿಯುವುದೆಂದು ಆ ದಿನ ನಿಶ್ಚಯವಾಯಿತು. ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ನೆನೆಸಿದ ಕಡಲೆ, ವಾರಕ್ಕೆ ಮೂರು ದಿನ ಸೊಪ್ಪಿನ ಜೊತೆ ನಿಂಬೆಹಣ್ಣು, ಡಾಕ್ಟರು ಬರೆದುಕೊಟ್ಟ ಮಾತ್ರೆ.

ಇಷ್ಟೆಲ್ಲ ಆಕ್ಷೇಪಿಸಿದ ಮೇಲೆ ಸಿನಿಮಾದ ಒಳ್ಳೆಯದನ್ನೂ ಹೇಳಬೇಕು. ಅವಳಿ ಮಕ್ಕಳಾದ ಮೇಲಿನ ಭಾಗ ನಿಜಕ್ಕೂ ಬೆಲೆಯುಳ್ಳದ್ದು. ಹೆತ್ತ ಮೈ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ವಿಶ್ವ ಚಾಂಪಿಯನ್ ಆದವಳೂ ಹೊಸಬಳೇ ಆಗುತ್ತಾಳೆ. ಗಂಡ ಓನ್ಲರ್ ಮಕ್ಕಳನ್ನು ನೋಡಿಕೊಂಡು ಅವಳನ್ನು ತಾಲೀಮಿಗೆ ಕಳಿಸುತ್ತಾನೆ. ನಿಜ ಜೀವನದಲ್ಲೂ ಹಾಗೆಯೇ ನಡೆಯಿತು. ಆ ದಂಪತಿ ಎಷ್ಟೋ ವರ್ಷದ ಮೇಲೆ ಬೇರೆಯಾದರು ಎಂಬುದು ಈಗ ಎಲ್ಲರಿಗೂ ತಿಳಿದದ್ದೇ. ಅದರಿಂದ ಆ ದಿನಗಳ ನೆರವು ಸುಳ್ಳಾಗುವುದಿಲ್ಲ. 2007ರಲ್ಲಿ ಮಕ್ಕಳು, 2008ರಲ್ಲಿ ನಾಲ್ಕನೆಯ ವಿಶ್ವ ಚಿನ್ನ. ಆಮೇಲೆ 2012ರ ಲಂಡನ್ ಒಲಿಂಪಿಕ್ಸ್. ಅಲ್ಲಿ ಮೊದಲ ಸಲ ಮಹಿಳಾ ಬಾಕ್ಸಿಂಗ್ ಸೇರಿತು. ಆದರೆ ಇದ್ದದ್ದು ಮೂರೇ ತೂಕದ ವಿಭಾಗ, ಕನಿಷ್ಠದ್ದು 51 ಕಿಲೋ. 46, 48 ಕಿಲೋದಲ್ಲಿ ಆಡಿದವರು ತಮಗಿಂತ ದೊಡ್ಡ ಮೈಯವರ ಎದುರು ನಿಂತು ಕಂಚು ತಂದರು. 2018ರಲ್ಲಿ ದೆಹಲಿಯಲ್ಲಿ ಆರನೆಯ ವಿಶ್ವ ಚಿನ್ನ ಗೆದ್ದಾಗ ಆಕೆ ಮೂರು ಮಕ್ಕಳ ತಾಯಿ. 2000ದಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ನನ್ನ ಹುಡುಗಿಯ ಹಾಳೆಯಲ್ಲೂ ಹದಿನೆಂಟೇ ಗುರುತು ಇತ್ತು. ಅವು ದಿನಗಳು, ಅಷ್ಟೆ.

ಸಿಟ್ಟಾಗಲಿ ಅವಮಾನವಾಗಲಿ ಹದಿನೆಂಟು ವರ್ಷ ಒಬ್ಬಳನ್ನು ಬೆಳಗಿನ ಜಾವ ಎಬ್ಬಿಸಲಾರದು. ಎಬ್ಬಿಸಿದ್ದು ರೂಢಿ. ಈ ರೂಢಿಯನ್ನು ತೋರಿಸುವುದು ಸಿನಿಮಾದವರಿಗೆ ಕಷ್ಟ, ಒಪ್ಪುತ್ತೇನೆ. ದಿನವೂ ಒಂದೇ ರಸ್ತೆಯಲ್ಲಿ ಓಡುವುದನ್ನು ಟಿಕೆಟು ಕೊಂಡು ಯಾರು ನೋಡುತ್ತಾರೆ? ಆದರೆ ಒಂದೇ ಒಂದು ದೃಶ್ಯದಲ್ಲಿ ಅವಳು ಸುಮ್ಮನೆ, ಯಾವ ಕಾರಣವೂ ಇಲ್ಲದೆ, ಬೇಸರಗೊಂಡು ಕುಳಿತಿದ್ದು, ಮಾರನೆಯ ದಿನ ಮತ್ತೆ ಬರುವುದನ್ನು ತೋರಿಸಿದ್ದರೆ ನನ್ನ ಐವರು ಹುಡುಗಿಯರಲ್ಲಿ ಇಬ್ಬರಾದರೂ ಉಳಿಯುತ್ತಿದ್ದರೋ ಏನೋ.

ಆರನೆಯವಳು ಉಳಿದಳು. ನಾನು ಅವಳ ಹತ್ತಿರ ತಪ್ಪಾಯಿತು ಎಂದೆ. “ಅಯ್ಯೋ, ಹಂಗೆಲ್ಲ ಅನ್ಬೇಡಿ ಟೀಚರ್” ಎಂದು ಓಡಿಹೋದಳು. ಮೂವತ್ತು ಮನೆಯ ಹಾಳೆ ಹರಿದುಹಾಕಿ ಹೊಸ ನೋಟ್‌ಬುಕ್ಕು ಮಾಡಿಕೊಂಡಳು. ಅದರಲ್ಲಿ ಗೆಲುವು ಸೋಲಿನ ಕಲಮು ಇಲ್ಲ. ಎಷ್ಟು ನಿಮಿಷ ಓಡಿದೆ, ಎಷ್ಟು ಸಲ ಹಗ್ಗ ಜಿಗಿದೆ, ಎಷ್ಟು ಗಂಟೆ ಮಲಗಿದೆ, ಇಷ್ಟೇ. ಮನಸ್ಸಿಲ್ಲದ ದಿನ ಪೂರ್ತಿ ಬಿಡದೆ ಹತ್ತು ನಿಮಿಷ ನಡೆದು ಬರಬೇಕೆಂಬುದು ನಾವಿಬ್ಬರೂ ಮಾಡಿಕೊಂಡ ಒಪ್ಪಂದ. ಮುಟ್ಟಿನ ದಿನಗಳಲ್ಲಿ ಮೈ ಹೇಳಿದಂತೆ. ಮೊದಲ ತಿಂಗಳ ಪುಟದಲ್ಲಿ ಹಗ್ಗದ ಲೆಕ್ಕ ನಲವತ್ತು, ಐವತ್ತು ಎಂದಿದೆ. ಮೂರನೆಯ ತಿಂಗಳಿಗೆ ಇನ್ನೂರು ದಾಟಿದೆ. ಬೇಸರವಾದಾಗ ಹಿಂದಿನ ಪುಟ ತಿರುವಿ ನೋಡುತ್ತಾಳಂತೆ.

ಈ ಜನವರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಆಡಿದಳು, ಅಂಕಗಳ ಮೇಲೆ ಸೋತಳು. ನಾನೂ ಅವಳ ತಾಯಿಯೂ ಒಬ್ಬರ ಕೈ ಒಬ್ಬರು ಹಿಡಿದು ಕುಳಿತಿದ್ದೆವು. ಕೆಳಗಿಳಿದು ಬಂದವಳನ್ನು “ಬೇಜಾರಾಯ್ತೇನೇ?” ಎಂದು ಕೇಳಿದೆ. ಮೂಗು ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದಳು. “ಆಯ್ತು. ಆದ್ರೆ ಮೂರನೇ ರೌಂಡಲ್ಲೂ ಕೈ ಕೆಳಗೆ ಬರ್ಲಿಲ್ಲ, ನೋಡಿದ್ರಾ ಟೀಚರ್?” ಎಂದಳು. ನೋಡಿದ್ದೆ.

ಈ ಸಲವೂ ಶಿಕ್ಷಕರ ದಿನಕ್ಕೆ ಅದೇ ಸಿನಿಮಾ ತೋರಿಸುತ್ತೇನೆ. ಆ ಮೂವತ್ತು ದಿನದ ಹತ್ತಿರ ನಿಲ್ಲಿಸಿ, ಕಿಟಕಿಯ ಜಮಖಾನ ಸರಿಸಿ, ಅವಳನ್ನು ಮುಂದೆ ಕರೆದು ಆ ನೋಟ್‌ಬುಕ್ಕು ಓದಿಸುತ್ತೇನೆ. ಮಿಕ್ಕ ಸಿನಿಮಾ ಆಮೇಲೆ.